ಬ್ಯಾಟರಿ ಸರಿ ಇತ್ತು, ಒಲೆ ಹೊತ್ತಲಿಲ್ಲ

ಕೆಮ್ಮಣ್ಣುಗುಂಡಿ ಹತ್ತಿರ, ಬೆಳಿಗ್ಗೆ ಆರು ಗಂಟೆ. ಹೊರಗೆ ಮಂಜು. ಫಿಲ್ಟರಿಗೆ ಕಾಫಿಪುಡಿ ಹಾಕಿಟ್ಟಾಗಿದೆ, ನೀರು ಕಾಯಬೇಕು ಅಷ್ಟೇ. ನಮ್ಮ ವ್ಯಾನಿನ ಡೀಸೆಲ್ ಒಲೆ ಫ್ಯಾನ್ ತಿರುಗಿಸಿತು, ಎರಡು ನಿಮಿಷ ಗುಂಯ್ ಅಂದಿತು, ಕೆಂಪು ದೀಪ ಮಿಟುಕಿಸಿ ಸುಮ್ಮನಾಯಿತು. ಎರಡನೇ ಸಲವೂ ಅದೇ ಕಥೆ. ಮೂರನೇ ಸಲ ಬಟನ್ ಒತ್ತಿದರೆ ಉಸಿರೇ ಇಲ್ಲ, ಲಾಕ್ ಆಗಿಬಿಟ್ಟಿತ್ತು.

"ರೀ, ಒಂದು ಸೀಮೆಎಣ್ಣೆ ಸ್ಟವ್ ತಂದಿದ್ರೆ ಇಷ್ಟೊತ್ತಿಗೆ ಎರಡು ಸಲ ಕಾಫಿ ಆಗ್ತಿತ್ತು" ಅಂದಳು ಹೆಂಡತಿ. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಮಾಗಡಿ ರೋಡಿನ ಶೆಡ್ಡಿನಲ್ಲಿ ನಾವೇ ಮನೆ ಥರ ಮಾಡಿಕೊಂಡಿದ್ದೇವೆ. ಮಲಗುವ ಜಾಗದ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇಡಲು ಮನಸ್ಸು ಬರಲಿಲ್ಲ. ಅದಕ್ಕೇ ಡೀಸೆಲ್ ಒಲೆ. ಮೇಲೆ ಕಪ್ಪು ಗಾಜು, ಕೆಳಗೆ ಮುಚ್ಚಿದ ಬರ್ನರ್, ಹೊಗೆ ಪೈಪಿನಲ್ಲಿ ಹೊರಗೆ ಹೋಗುತ್ತೆ. ಗಾಜು ಕಾಯಲು ಹತ್ತು ನಿಮಿಷ ಬೇಕು, ಫುಲ್ಕ ಉಬ್ಬಿಸುವ ಆಸೆ ಬಿಡಬೇಕು. ಆದರೆ ಅನ್ನ, ಸಾರು, ಚಪ್ಪಟೆ ತಳದ ಕಾವಲಿಯಲ್ಲಿ ದೋಸೆ, ಎಲ್ಲ ಆಗುತ್ತೆ.

ಇದು ಡೀಸೆಲ್ ಒಲೆ ಅಂತ ಹೆಸರಿಗೆ. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಇದು ಕರೆಂಟ್ ಒಲೆಯೇ. ಒಳಗೊಂದು ಗ್ಲೋ ಪ್ಲಗ್ ಇದೆ. ಹಳೇ ಮೆಕ್ಯಾನಿಕ್‌ಗಳು ಹೀಟರ್ ಪ್ಲಗ್ ಅನ್ನುತ್ತಾರಲ್ಲ, ಅದೇ. ಅದು ಕೆಂಪಗೆ ಕಾದ ಮೇಲೆ ಪುಟ್ಟ ಪಂಪ್ ಟಿಕ್ ಟಿಕ್ ಅಂತ ಹನಿ ಹನಿ ಡೀಸೆಲ್ ಬಿಡುತ್ತೆ. ಪ್ಲಗ್ ಕಾಯುವಾಗ ನಮ್ಮದು 9 ಆಂಪ್ಸ್ ಎಳೆಯುತ್ತೆ. ಬೆಂಕಿ ಹತ್ತಿದ ಮೇಲೆ ಫ್ಯಾನ್ ಮತ್ತು ಪಂಪಿಗೆ ಅರ್ಧ ಆಂಪ್ಸ್ ಕೂಡ ಬೇಡ. ಹಾಗಾಗಿ ವೈರಿಂಗಿನಲ್ಲಿ ಏನೇ ಕೊಳಕಿದ್ದರೂ ಅದು ಬಯಲಾಗುವುದು ಈ ಮೊದಲ ನಿಮಿಷಗಳಲ್ಲೇ.

ದೀಪ ಎಷ್ಟು ಸಲ ಮಿಟುಕಿತು ಅಂತ ಎಣಿಸಿ ಕಂಪನಿಯ ಪುಸ್ತಕ ನೋಡಿದೆ. "ವೋಲ್ಟೇಜ್ ಕಡಿಮೆ" ಅಂತಿತ್ತು. ಮಲ್ಟಿಮೀಟರ್ ತೆಗೆದು ಬ್ಯಾಟರಿಗೆ ಹಿಡಿದೆ. 12.6 ವೋಲ್ಟ್. ಲೆಡ್ ಆಸಿಡ್ ಬ್ಯಾಟರಿಗೆ ಅದು ಹೊಟ್ಟೆ ತುಂಬಿದ ಲೆಕ್ಕ. ಪುಸ್ತಕವೇ ಸುಳ್ಳು ಅಂದುಕೊಂಡೆ. ಅಲ್ಲೇ ನಾನು ದಾರಿ ತಪ್ಪಿದ್ದು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎರಡು ಭಾನುವಾರ ದಂಡ. ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಪಂಪ್ ಬಿಚ್ಚಿ ನೋಡಿದೆ, ಸರಿಯಾಗೇ ಇತ್ತು. ಎತ್ತರದ ಜಾಗದಲ್ಲಿ ಗಾಳಿ ತೆಳು, ಅದಕ್ಕೇ ಹೊತ್ತಿಲ್ಲ ಅಂತಲೂ ಒಂದು ಸಿದ್ಧಾಂತ ಕಟ್ಟಿದೆ. ಆದರೆ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ನಮ್ಮ ಶೆಡ್ಡಿನಲ್ಲೇ ಅದು ಒಂದು ದಿನ ಹೊತ್ತುತ್ತಿತ್ತು, ಒಂದು ದಿನ ಇಲ್ಲ. ಒಲೆಯನ್ನು ನಡೆಸುವ ಸರ್ಕ್ಯೂಟ್ ಬೋರ್ಡ್ ಹೋಗಿದೆ ಅಂತ ತೀರ್ಮಾನಿಸಿ ಹೊಸದಕ್ಕೆ ಬೆಲೆ ಕೇಳಿದೆ. ಬೆಲೆ ಕೇಳಿದ ಮೇಲೆ ಇನ್ನೊಂದು ಸಲ ಯೋಚಿಸೋಣ ಅನ್ನಿಸಿತು.

ಸುಳಿವು ಕಣ್ಣೆದುರೇ ಇತ್ತು. ಎಂಜಿನ್ ಓಡುತ್ತಿದ್ದಾಗ ಒಲೆ ಒಂದು ಸಲವೂ ಕೈಕೊಟ್ಟಿರಲಿಲ್ಲ. ಆಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿರುತ್ತೆ. ತಕರಾರು ಬರುತ್ತಿದ್ದುದು ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ.

ಜೆ.ಸಿ. ರೋಡಿನ ಕಡೆ ಬಹಳ ವರ್ಷಗಳಿಂದ ಲಾರಿ ವೈರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಹೇಳಿದೆ. ನಕ್ಕರು. "ಸ್ವಾಮಿ, ಸುಮ್ನೆ ನಿಂತಿರೋ ಬ್ಯಾಟರಿ ವೋಲ್ಟೇಜ್ ಏನು ನೋಡ್ತೀರಾ? ಲೋಡ್ ಕೊಟ್ಟು ನೋಡಿ. ಒಲೆ ಹತ್ರ ನೋಡಿ."

ಲೋಡ್ ಅಂದರೆ ಕರೆಂಟ್ ಎಳೆಯುವ ವಸ್ತು. ಒಲೆಯನ್ನೇ ಲೋಡ್ ಮಾಡಿಕೊಂಡರೆ ಕಷ್ಟ. ಎರಡು ಸಲ ಸೋತರೆ ಲಾಕ್ ಆಗುತ್ತೆ. ಸೋತಾಗಲೆಲ್ಲ ಬರ್ನರ್ ಒಳಗೆ ಉರಿಯದ ಡೀಸೆಲ್ ನಿಲ್ಲುತ್ತೆ, ಆಮೇಲೆ ಹೊತ್ತಿದಾಗ ಬಿಳಿ ಹೊಗೆ ಎದ್ದು ಅಕ್ಕಪಕ್ಕದವರು ಓಡಿಬರುತ್ತಾರೆ. ಅದಕ್ಕೂ ಆ ಹಿರಿಯರೇ ಉಪಾಯ ಹೇಳಿಕೊಟ್ಟರು. ಹೆಡ್‌ಲೈಟಿನ ಎಚ್4 ಬಲ್ಬಿನಲ್ಲಿ 60 ವ್ಯಾಟ್, 55 ವ್ಯಾಟ್ ಎರಡು ಫಿಲಮೆಂಟ್ ಇರುತ್ತವೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಹೆಚ್ಚುಕಡಿಮೆ 9 ಆಂಪ್ಸ್. ಪ್ಲಗ್ ಎಳೆಯುವಷ್ಟೇ! ಒಲೆಯ ಕನೆಕ್ಟರ್ ಕಳಚಿ, ಅದರ ಜಾಗಕ್ಕೆ ಈ ಬಲ್ಬ್ ಕೊಟ್ಟೆ. ಬಲ್ಬ್ ವಿಪರೀತ ಕಾಯುತ್ತೆ, ಮರದ ಮೇಲೆ ಇಡಬೇಡಿ. ನಾನು ಸ್ಟೀಲ್ ತಟ್ಟೆಯಲ್ಲಿ ಇಟ್ಟೆ.

ಬಲ್ಬ್ ಉರಿಯುವಾಗ ಬ್ಯಾಟರಿ ಹತ್ತಿರ 12.3 ವೋಲ್ಟ್. ಒಲೆಯ ಕನೆಕ್ಟರಿನಲ್ಲಿ 10.4. ಪುಸ್ತಕದಲ್ಲಿ ಒಲೆಯ ಮಿತಿ 10.5 ಅಂತ ಬರೆದಿತ್ತು. ಪುಸ್ತಕ ನಿಜವನ್ನೇ ಹೇಳಿತ್ತು. ದಾರಿಯಲ್ಲಿ 1.9 ವೋಲ್ಟ್ ಯಾರೋ ನುಂಗುತ್ತಿದ್ದಾರೆ.

ಯಾರು ಅಂತ ಹಿಡಿಯುವ ಕೆಲಸ ನಿಜಕ್ಕೂ ಮಜಾ. ಮೀಟರಿನ ವೈರು ಚಿಕ್ಕದು, ಹಾಗಾಗಿ ಕಾಲಿಂಗ್ ಬೆಲ್ ವೈರಿನ ತುಂಡು ಸೇರಿಸಿ ಉದ್ದ ಮಾಡಿಕೊಂಡೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಲೆಯ ಪ್ಲಸ್‌ಗೆ. ಸರಿಯಾದ ವೈರಿಂಗ್ ಆದರೆ ಸೊನ್ನೆಗೆ ಹತ್ತಿರ ಬರಬೇಕು. ಬಂದಿದ್ದು 1.2. ಅದೇ ರೀತಿ ಮೈನಸ್ ಕಡೆ 0.7. ಎರಡೂ ಸೇರಿದರೆ 1.9, ಲೆಕ್ಕ ಸರಿಹೋಯಿತು.

ಮೊನೆಯನ್ನು ಪ್ಲಸ್ ವೈರಿನ ಉದ್ದಕ್ಕೂ ಒಂದೊಂದೇ ಜಾಯಿಂಟ್ ಸರಿಸುತ್ತ ಬಂದೆ. ಫ್ಯೂಸ್ ಹೋಲ್ಡರಿನ ಈಚೆ ಒಂದು, ಆಚೆ ಒಂದು ಇಟ್ಟಾಗ 0.8. ಅಷ್ಟೂ ಒಂದೇ ಕಡೆ! ಮುಚ್ಚಳ ತೆಗೆದರೆ ಒಳಗಿನ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಫ್ಯೂಸ್ ಹಾರಿರಲಿಲ್ಲ, ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಕಚ್ಚಿ ಹಿಡಿಯಬೇಕಾದ ಕ್ಲಿಪ್ ಬಾಯಿ ಬಿಟ್ಟುಕೊಂಡಿತ್ತು. 9 ಆಂಪ್ಸ್ ಹರಿಯುವಾಗ 0.8 ವೋಲ್ಟ್ ಅಂದರೆ ಅಲ್ಲೇ 7 ವ್ಯಾಟ್ ಶಾಖ. ಕಿರುಬೆರಳಿನಷ್ಟು ಪ್ಲಾಸ್ಟಿಕ್ಕಿಗೆ ಅದು ಜಾಸ್ತಿ. ಇನ್ನೂ ಕೆಲವು ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತೋ, ಯೋಚಿಸಿದರೆ ಭಯವಾಗುತ್ತೆ.

ಮೈನಸ್ ಕಡೆಯದು ನನ್ನದೇ ತಪ್ಪು. ಒಲೆಯ ಕಪ್ಪು ವೈರನ್ನು ಬಾಡಿ ಅರ್ಥ್ ಅಂತ, ಅಂದರೆ ಗಾಡಿಯ ಕಬ್ಬಿಣದ ಮೈಯೇ ಮೈನಸ್ ವೈರಿನ ಕೆಲಸ ಮಾಡಲಿ ಅಂತ, ವ್ಯಾನಿನ ಪಕ್ಕದ ಕಂಬಕ್ಕೆ ಬೋಲ್ಟ್ ಹಾಕಿದ್ದೆ, ಬಣ್ಣ ಕೆರೆಯದೆ. ಬೋಲ್ಟಿನ ಥ್ರೆಡ್ ಅಲ್ಲಿ ಇಲ್ಲಿ ಕಬ್ಬಿಣಕ್ಕೆ ತಾಗಿ ಇಷ್ಟು ದಿನ ಹೇಗೋ ನಡೆದಿತ್ತು. ಬಿಚ್ಚಿದರೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಿಲ್ಲೆ) ಕೆಳಗೆ ಬಣ್ಣ ಹಾಗೇ ಇದೆ, ಸುತ್ತ ತುಕ್ಕಿನ ಉಂಗುರ.

ವೈರು ಕೂಡ ತೀರಾ ತೆಳುವಾಗಿತ್ತು. 2.5 ಸ್ಕ್ವೇರ್ ಎಂ.ಎಂ. ಎಳೆದಿದ್ದೆ, ಅದೊಂದೇ 0.3 ವೋಲ್ಟ್ ತಿನ್ನುತ್ತಿತ್ತು. ಎಸ್.ಪಿ. ರೋಡಿಗೆ ಹೋಗಿ 6 ಸ್ಕ್ವೇರ್ ವೈರು ತಂದೆ. ಅಲ್ಲಿ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರನ್ನೂ ತಾಮ್ರ ಅಂತ ಮಾರುತ್ತಾರೆ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಕೈಗೆ ಹಗುರ ಅನ್ನಿಸಿದರೂ ಅನುಮಾನಪಡಿ.

ಈ ಸಲ ಪ್ಲಸ್, ಮೈನಸ್ ಎರಡನ್ನೂ ನೇರ ಬ್ಯಾಟರಿಯಿಂದಲೇ ತಂದೆ, ಬಾಡಿ ಅರ್ಥ್ ಸಹವಾಸ ಬೇಡ ಅಂತ. ಒಳ್ಳೆ ಹೋಲ್ಡರಿನಲ್ಲಿ 15 ಆಂಪ್ಸ್ ಫ್ಯೂಸ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಲಗ್‌ಗಳನ್ನು ಪ್ಲೈಯರ್‌ನಲ್ಲಿ ಅಮುಕಲಿಲ್ಲ, ಕ್ರಿಂಪಿಂಗ್ ಟೂಲ್ ಎರವಲು ತಂದೆ. ಬೆಸುಗೆ ಹಾಕುವುದು ಇನ್ನೂ ಗಟ್ಟಿ ಅಂತ ಕೆಲವರು ಹೇಳುತ್ತಾರೆ. ಮನೆಯ ರೇಡಿಯೋಗೆ ಸರಿ, ಓಡುವ ಗಾಡಿಯ ಅದುರಾಟಕ್ಕೆ ಬೆಸುಗೆ ಮುಗಿಯುವ ಅಂಚಿನಲ್ಲೇ ವೈರು ಮುರಿಯುತ್ತೆ. ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ಕಳಚಿದೆ, ಒಲೆ ಪೂರ್ತಿ ತಣ್ಣಗಿದ್ದಾಗ ಮಾತ್ರ. ಬಿಸಿ ಒಲೆಯ ಕರೆಂಟ್ ಕಿತ್ತರೆ ಅದನ್ನು ತಣ್ಣಗಾಗಿಸುವ ಫ್ಯಾನ್ ಕೂಡ ನಿಂತು ಒಳಗಿನ ಭಾಗಗಳು ಬೇಯುತ್ತವೆ.

ಮತ್ತೆ ಬಲ್ಬ್ ಹಚ್ಚಿದೆ. ಬ್ಯಾಟರಿಯಲ್ಲಿ 12.3, ಒಲೆ ಹತ್ತಿರ 11.9. ಬಲ್ಬೂ ಮೊದಲಿಗಿಂತ ಬೆಳ್ಳಗೆ ಉರಿಯಿತು. ಲಾಕ್ ತೆಗೆದು ಒಲೆ ಹಚ್ಚಿದೆ. ನಿಂತ ಡೀಸೆಲ್ಲಿನ ಬಿಳಿ ಹೊಗೆ ಒಂದು ನಿಮಿಷ ಬಂತು, ಆಮೇಲೆ ಪಂಪಿನ ಟಿಕ್ ಟಿಕ್, ಗಾಜಿನ ಕೆಳಗೆ ಹಬ್ಬುವ ಶಾಖ. ಹೆಂಡತಿ ಏನೂ ಹೇಳದೆ ಪಾತ್ರೆಗೆ ನೀರು ಹಾಕಿದಳು.

ಒಲೆಯ ಕಪಾಟಿನ ಬಾಗಿಲ ಒಳಗೆ ಒಂದು ಟೇಪ್ ಅಂಟಿಸಿ 12.3 / 11.9 ಅಂತ ಬರೆದಿಟ್ಟಿದ್ದೇನೆ. ಪ್ರತಿ ಪ್ರವಾಸಕ್ಕೆ ಮುಂಚೆ ಬಲ್ಬ್ ಹಚ್ಚಿ ಹೋಲಿಸುತ್ತೇನೆ. ಕಳೆದ ವಾರ 12.3 / 11.7 ಬಂತು. ಈ ಭಾನುವಾರ ಲಗ್‌ಗಳನ್ನು ಬಿಚ್ಚಿ ನೋಡಬೇಕು.