ಉರಿಮೂತ್ರದ ಜೊತೆ ಚಳಿಜ್ವರ ಬಂದರೆ ಏನು ಮಾಡಬೇಕು?

ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಅವಸರ, ಇಷ್ಟೇ ಇದ್ದರೆ ಸೋಂಕು ಸಾಮಾನ್ಯವಾಗಿ ಮೂತ್ರಕೋಶದಲ್ಲೇ ಇರುತ್ತದೆ. ಅದಕ್ಕೆ ನಡುಕ ಹುಟ್ಟಿಸುವ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಬದಿಯ ನೋವು, ವಾಂತಿ ಸೇರಿಕೊಂಡರೆ ಕಿಡ್ನಿಗೆ ಏರಿದೆಯೆಂದೇ ಅನುಮಾನಿಸಬೇಕು. ಕಿಡ್ನಿಯಲ್ಲಿ ಕಲ್ಲು ಇರುವವರು, ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ದೊಡ್ಡದಾದವರು, ಕ್ಯಾತಿಟರ್ (ಮೂತ್ರ ಹೊರಹೋಗಲು ಮೂತ್ರಕೋಶಕ್ಕೆ ಹಾಕುವ ನಳಿಕೆ) ಹಾಕಿಸಿಕೊಂಡವರು, ಗರ್ಭಿಣಿಯರು ಇನ್ನಷ್ಟು ಎಚ್ಚರದಿಂದಿರಬೇಕು. ಹಳೆಯ ಚೀಟಿಯ ಮಾತ್ರೆಯನ್ನೇ ಮತ್ತೆ ತಂದು ನುಂಗಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

ಮೊದಲ ಆ್ಯಂಟಿಬಯಾಟಿಕ್‌ಗೂ ಮುನ್ನ ಮೂತ್ರದ ಮಾದರಿ ಕೊಡಬೇಕು. ಒಂದೇ ಡೋಸ್ ಒಳಗೆ ಹೋದರೂ ಕಲ್ಚರ್‌ನಲ್ಲಿ (ಮಾದರಿಯ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಆಗ ಯಾವ ಔಷಧ ನಾಟುತ್ತದೆಂಬುದು ತಿಳಿಯುವುದೇ ಇಲ್ಲ. ಜನನಾಂಗ ಶುಚಿ ಮಾಡಿಕೊಂಡು, ಮೊದಲ ಧಾರೆಯನ್ನು ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಮುಚ್ಚಳದ ಒಳಭಾಗ ಮುಟ್ಟಬೇಡಿ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಿ. ಕ್ಯಾತಿಟರ್ ಇದ್ದವರ ಮೂತ್ರದ ಮಾದರಿಯನ್ನು ಚೀಲದಿಂದ ತೆಗೆಯಲೇಬಾರದು. ಕ್ಯಾತಿಟರ್ ಎರಡು ವಾರಕ್ಕಿಂತ ಹಳೆಯದಾಗಿದ್ದು ಇನ್ನೂ ಬೇಕಾಗಿದ್ದರೆ ಹೊಸದನ್ನು ಹಾಕಿಸಿ, ಅದರಿಂದಲೇ ಮಾದರಿ ತೆಗೆಸಬೇಕು.

ವರದಿಗೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕಾಯದೆ ವೈದ್ಯರು ಔಷಧ ಆರಂಭಿಸುತ್ತಾರೆ, ಆಮೇಲೆ ಅಗತ್ಯವಿದ್ದರೆ ಬದಲಿಸುತ್ತಾರೆ. ಮೂತ್ರಕೋಶದ ಸೋಂಕಿಗೆ ಚೆನ್ನಾಗಿ ಕೆಲಸ ಮಾಡುವ ನೈಟ್ರೋಫ್ಯುರಾಂಟಾಯಿನ್ ಎಂಬ ಆ್ಯಂಟಿಬಯಾಟಿಕ್ ಕಿಡ್ನಿಯ ಸೋಂಕಿಗೆ ಸಾಲದು, ಅದು ಅಲ್ಲಿನ ಅಂಗಾಂಶದಲ್ಲಿ ಸಾಕಷ್ಟು ಸೇರುವುದಿಲ್ಲ. ಹೋದ ಸಲದ ಮಾತ್ರೆ ಬೇಡವೆನ್ನುವುದಕ್ಕೆ ಇದೂ ಒಂದು ಕಾರಣ.

ಇಷ್ಟಾದರೂ ಮೂತ್ರದ ದಾರಿಯಲ್ಲಿ ತಡೆಯಿದ್ದರೆ ಮಾತ್ರೆಯೊಂದರಿಂದಲೇ ಗುಣವಾಗುವುದಿಲ್ಲ. ಕಲ್ಲಿನ ಹಿಂದೆ ಸೋಂಕಿನ ಮೂತ್ರ ಕಟ್ಟಿಕೊಂಡರೆ ಅದು ತುರ್ತು ಸ್ಥಿತಿ. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳದೊಳಗೆ ಸ್ಟೆಂಟ್ (ಸಣ್ಣ ಕೊಳವೆ) ಹಾಕಿಯೋ, ಬೆನ್ನಿನ ಕಡೆಯಿಂದ ಕಿಡ್ನಿಗೆ ನಳಿಕೆ ಇಳಿಸಿಯೋ ಮೊದಲು ಅದನ್ನು ಹರಿಯಬಿಡಬೇಕು. ಕಲ್ಲು ತೆಗೆಯುವುದು ಸೋಂಕು ತಗ್ಗಿದ ಮೇಲೆ.

ಔಷಧ ಶುರುವಾಗಿ 48ರಿಂದ 72 ಗಂಟೆಯಲ್ಲೂ ಜ್ವರ ಇಳಿಯದಿದ್ದರೆ ಸ್ಕ್ಯಾನ್ ಬೇಕು. ಗೊಂದಲದ ಮಾತು, ಏದುಸಿರು, ಮೂತ್ರ ತೀರಾ ಕಡಿಮೆಯಾಗುವುದು ಕಂಡರೆ ಅಷ್ಟೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಚೇತರಿಸಿಕೊಳ್ಳುವವರಲ್ಲಿ ಹಲವರಿಗೆ 7 ದಿನದ ಚಿಕಿತ್ಸೆ ಸಾಕು, ಉಳಿದವರಿಗೆ 10ರಿಂದ 14 ದಿನ ಬೇಕಾಗಬಹುದು.

ಗುಣವಾದ ಮೇಲೆ ಯಾವ ತೊಂದರೆಯೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಬಹುತೇಕರಿಗೆ ಔಷಧ ಬೇಡ. ಗರ್ಭಿಣಿಯರಿಗೆ ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಿಗೆ ಮಾತ್ರ ಅದು ಬೇಕಾಗುತ್ತದೆ.