ಪಂಚಾಂಗ ನೋಡಿ ಡಾರ್ಸೆಟ್ ಕಡಲಿಗೆ ಹೊರಡಿ

ಮೈಸೂರು, ಮಂಡ್ಯದಿಂದ ಲಂಡನ್ನಿನ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ನಾಲ್ಕು ದಿನ ಬಿಡುವು ಮಾಡಿಕೊಂಡು ಇಂಗ್ಲೆಂಡಿನ ದಕ್ಷಿಣ ಕಡಲತೀರದ ಜುರಾಸಿಕ್ ಕೋಸ್ಟ್ ನೋಡಿ ಬರಬೇಕು. ಎಕ್ಸ್‌ಮತ್‌ನಿಂದ ಸ್ಟಡ್‌ಲ್ಯಾಂಡ್‌ವರೆಗೆ ಸುಮಾರು 150 ಕಿ.ಮೀ. ತೀರ. ಕೆಂಪು ಬಂಡೆ, ಕಪ್ಪು ಜೇಡಿ, ಬಿಳಿ ಸುಣ್ಣದ ಗೋಡೆ ಎಲ್ಲವೂ ಇದೊಂದರಲ್ಲೇ ಸಿಗುತ್ತವೆ. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಟಿಕೆಟ್ ತೆಗೆಯುವ ಮೊದಲು ಗೋಡೆಯ ಮೇಲಿರುವ ಒಂಟಿಕೊಪ್ಪಲ್ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಸಮುದ್ರ ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಈ ತೀರದ ಲೈಮ್ ರೀಜಿಸ್ ಊರಿನಲ್ಲಿ ಆ ದಿನಗಳ ಹಗಲಿನ ಇಳಿತ ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ನೋಡುವವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಕೆಆರ್‌ಎಸ್ ನೀರು ನೋಡಿ ಬೆಳೆದ ನಮಗೆ ಈ ಲೆಕ್ಕ ಹೊಸದು: ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ, ಮಾರನೆಯ ದಿನ ಅದೇ ಇಳಿತ ಸುಮಾರು 50 ನಿಮಿಷ ತಡ. ಇನ್ನೊಂದು ತೊಡಕು ಗಡಿಯಾರದ್ದು. ಬೇಸಿಗೆಯಲ್ಲಿ ಅಲ್ಲಿ ಗಂಟೆ ಒಂದು ಮುಂದಿರುತ್ತದೆ. ಉಬ್ಬರವಿಳಿತದ ವೇಳಾಪಟ್ಟಿ ಜಿಎಂಟಿಯಲ್ಲಿ (ಗ್ರೀನ್‌ವಿಚ್ ಸಮಯದಲ್ಲಿ) ಇದ್ದರೆ ಒಂದು ಗಂಟೆ ಕೂಡಿಸಿ. ಮೊದಲೇ ಕೂಡಿಸಿದ ಪಟ್ಟಿಗೆ ಮತ್ತೆ ಕೂಡಿಸಿದರೆ ತಡವಾಗಿ ಇಳಿಯುತ್ತೀರಿ, ಹಿಂದೆ ನೀರು ದಾರಿ ಮುಚ್ಚುತ್ತದೆ.

ವಾಟರ್‌ಲೂ ನಿಲ್ದಾಣದಿಂದ ವೇಮತ್‌ಗೆ ರೈಲಿನಲ್ಲಿ ಮೂರು ಗಂಟೆ ಹತ್ತಿರ. ಎರಡು ರಾತ್ರಿ ಅಲ್ಲಿ ತಂಗಿ. ಮರಳಿನ ತೀರ, ಆಳ ಕಡಿಮೆ, ಮೊಮ್ಮಕ್ಕಳಿಗೆ ಹೇಳಿಮಾಡಿಸಿದ್ದು. ಜೀವರಕ್ಷಕರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಲಿ.

ಒಂದು ದಿನ ಲಲ್ವರ್ತ್ ಕೋವ್. ಕಡಲ ಕಡೆಗೆ ಗಟ್ಟಿ ಪೋರ್ಟ್‌ಲ್ಯಾಂಡ್ ಕಲ್ಲಿನ ಗೋಡೆಯಿತ್ತು. ಅದು ಒಡೆದಲ್ಲಿ ಅಲೆ ನುಗ್ಗಿ ಹಿಂದಿನ ಮೆತ್ತನೆಯ ಮಣ್ಣನ್ನು ಬಟ್ಟಲಿನಂತೆ ತೋಡಿತು. ಅಲ್ಲಿಂದ ಡರ್ಡಲ್ ಡೋರ್ ಕಲ್ಲಿನ ಕಮಾನಿಗೆ ಸುಮಾರು ಒಂದೂವರೆ ಕಿ.ಮೀ. ಕಡಿದಾದ ಏರಿಳಿತ. ಮಂಡಿನೋವಿದ್ದವರು ಮೇಲಿನಿಂದಲೇ ನೋಡಲಿ. ಕೆಳಗಿಳಿಯುವ ಮೆಟ್ಟಿಲು ತುಂಬಾ ಇದೆ.

ವೇಮತ್‌ನಿಂದ ಪಶ್ಚಿಮಕ್ಕೆ ಹೋಗುವ ಬಸ್ಸಿನ ಮೇಲಂತಸ್ತಿನಲ್ಲಿ ಎಡಗಡೆ ಕೂತರೆ ಕಡಲು ಪೂರ್ತಿ ಕಾಣುತ್ತದೆ. ಕೆಳಗೆ ಚೆಸಿಲ್ ಬೀಚ್, 29 ಕಿ.ಮೀ. ಉದ್ದದ ಬೆಣಚುಕಲ್ಲಿನ ದಿಬ್ಬ. ಪಶ್ಚಿಮದಲ್ಲಿ ಬಟಾಣಿಯಷ್ಟಿದ್ದ ಕಲ್ಲು ಪೋರ್ಟ್‌ಲ್ಯಾಂಡ್ ಕಡೆಗೆ ಮುಷ್ಟಿಗಾತ್ರವಾಗುತ್ತದೆ. ಕಲ್ಲು ಮನೆಗೆ ತರುವುದು ಕಾನೂನಿಗೆ ವಿರುದ್ಧ. ದಡ ಇದ್ದಕ್ಕಿದ್ದಂತೆ ಆಳಕ್ಕಿಳಿಯುವುದರಿಂದ ಅಲೆ ಕಾಲು ಎಳೆದುಬಿಡುತ್ತದೆ. ಇಲ್ಲಿ ಕಾಲು ತೊಳೆಯಲೂ ಹೋಗಬೇಡಿ.

ಉಳಿದೆರಡು ರಾತ್ರಿ ಲೈಮ್ ರೀಜಿಸ್‌ಗೆ. 1799ರಲ್ಲಿ ಇಲ್ಲಿ ಹುಟ್ಟಿದ ಮೇರಿ ಆನಿಂಗ್, ಬಡಗಿಯ ಮಗಳು, ಈ ಬಂಡೆಗಳಿಂದಲೇ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎಂಬ ಅಳಿದುಹೋದ ಕಡಲ ಸರೀಸೃಪಗಳ ಅಸ್ಥಿಗಳನ್ನು ಬಿಡಿಸಿ ತೆಗೆದಳು. ಪಳೆಯುಳಿಕೆ ಹುಡುಕಲು ಪಕ್ಕದ ಚಾರ್ಮತ್ ತೀರ ಒಳ್ಳೆಯದು. ಇಳಿತಕ್ಕೆ ಎರಡು ಗಂಟೆ ಮೊದಲು ಇಳಿದು, ನೀರು ಪೂರ್ತಿ ಇಳಿದೊಡನೆ ವಾಪಸ್ ಹೊರಡಿ. ಕಣ್ಣು ಸಣ್ಣ ಜಲ್ಲಿಯ ಮೇಲಿರಲಿ: ರೂಪಾಯಿ ನಾಣ್ಯದಷ್ಟೇ ಅಗಲ, ಚಕ್ಕುಲಿಯಂತೆ ಸುತ್ತಿ, ಗಾತ್ರಕ್ಕೆ ಮೀರಿದ ತೂಕ, ತಿರುಗಿಸಿದರೆ ಹಿತ್ತಾಳೆಯ ಹೊಳಪು. ಅದೇ ಅಮೋನೈಟ್, ಅಳಿದುಹೋದ ಕಡಲಜೀವಿಯ ಚಿಪ್ಪು. ಪೆನ್ಸಿಲ್ ಮೊನೆಯಂತಿರುವುದು ಬೆಲೆಮ್ನೈಟ್, ಸ್ಕ್ವಿಡ್‌ನಂಥ ಹಳೆಯ ಜೀವಿಯದು. ಬಿಡಿಯಾಗಿ ಬಿದ್ದಿದ್ದನ್ನು ಮಾತ್ರ ಆಯಿರಿ. ಗೋಡೆಗೆ ಸುತ್ತಿಗೆ ಹಾಕಬೇಡಿ, ಬುಡದಲ್ಲಿ ಕೂರಬೇಡಿ; ಮಳೆ ಬಂದ ಮೇಲೆ ನೀರು ಕುಡಿದ ಜೇಡಿ ಸದ್ದಿಲ್ಲದೆ ಕುಸಿಯುತ್ತದೆ. ಸಿಕ್ಕಿಕೊಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಎನ್ನಿ.

ಊರಿನ ಪಶ್ಚಿಮಕ್ಕೆ ಮನ್‌ಮತ್ ಬೀಚ್‌ನಲ್ಲಿ ಊಟದ ತಟ್ಟೆಗಿಂತ ದೊಡ್ಡ ಅಮೋನೈಟ್‌ಗಳು ಹಾಸುಬಂಡೆಯಲ್ಲೇ ಅಚ್ಚೊತ್ತಿವೆ. ದೊಡ್ಡ ಇಳಿತದಲ್ಲಿ ಚೆನ್ನಾಗಿ ಕಾಣುತ್ತವೆ. ಪಾಚಿಗೆ ಚಪ್ಪಲಿ ಜಾರುತ್ತದೆ, ಬೂಟು ಹಾಕಿ. ಗಾಳಿಗೆ ಕೊಡೆ ಮಗುಚುತ್ತದೆ. ಗಾಳಿ ತಡೆಯುವ ಕೋಟು, ಮಂಕಿ ಟೋಪಿ ಸಾಕು.

ಊಟದ ವಿಷಯ: ಸಸ್ಯಾಹಾರಿಗಳು ಚಿಪ್ಸ್ ಕೊಳ್ಳುವ ಮೊದಲು ಯಾವ ಎಣ್ಣೆ, ಮೀನು ಕರಿದ ಬಾಣಲೆಯೇ ಎಂದು ಕೇಳಿ. ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಊರಿಂದ ಒಯ್ಯಬಹುದು. ತುಪ್ಪದ ಡಬ್ಬಿಯನ್ನು ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ. ಕಡಲಹಕ್ಕಿ ಕೈಯಲ್ಲಿರುವುದನ್ನೇ ಕಿತ್ತೊಯ್ಯುತ್ತದೆ, ಗೋಡೆಗೆ ಬೆನ್ನು ಕೊಟ್ಟು ತಿನ್ನಿ.

ವಾಪಸ್ ವೇಮತ್‌ಗೆ ಬರುವುದು ಬೇಡ. ಲೈಮ್‌ನಿಂದ ಬಸ್ಸಿನಲ್ಲಿ ಆಕ್ಸ್‌ಮಿನ್‌ಸ್ಟರ್, ಅಲ್ಲಿಂದ ನೇರ ರೈಲು ವಾಟರ್‌ಲೂಗೆ.