ಒಂದೇ ಜೋಡಿ ತಂತಿಯಲ್ಲಿ 13 ಎನರ್ಜಿ ಮೀಟರ್: ಮಾಡ್‌ಬಸ್ ಜೋಡಿಸಿದ ಬಗೆ

ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹಂಗಾಮು ಶುರುವಾಗುವ ಮುಂಚೆ 13 ಎನರ್ಜಿ ಮೀಟರ್‌ಗಳನ್ನು ಆರ್‌ಎಸ್ 485 ಲೈನಿನಲ್ಲಿ (ಎ, ಬಿ ಎಂಬ ಎರಡು ತಂತಿಯ ಸಂವಹನ ಲೈನು) ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಜೋಡಿಸಿದೆವು. ಪ್ರೋಟೋಕಾಲ್, ಅಂದರೆ ಸಾಧನಗಳು ಪರಸ್ಪರ ಮಾತಾಡುವ ನಿಯಮ, ಮಾಡ್‌ಬಸ್ ಆರ್‌ಟಿಯು. 1979ರದ್ದಾದರೂ ಇಂಥ ಕೆಲಸಕ್ಕೆ ಈಗಲೂ ನನ್ನ ಮೊದಲ ಆಯ್ಕೆ ಅದೇ.

ಕೇಬಲ್ ಒಂದು ಮೀಟರಿನಿಂದ ಮುಂದಿನದಕ್ಕೆ ಸಾಲಾಗಿ ಹೋಗಬೇಕು. ಜಂಕ್ಷನ್ ಬಾಕ್ಸ್‌ನಿಂದ ನಾಲ್ಕು ದಿಕ್ಕಿಗೆ ಹಂಚುವುದು ಲೈಟಿಂಗ್‌ಗೆ ಸರಿ, ಇಲ್ಲಿ ಬೇಡ. ಹೆಣೆದ ಜೋಡಿ ತಂತಿಯ ಶೀಲ್ಡೆಡ್ ಕೇಬಲ್ ಎಳೆದು, ಶೀಲ್ಡನ್ನು ಪಿಎಲ್‌ಸಿ ತುದಿಯಲ್ಲಿ ಮಾತ್ರ ಅರ್ಥ್ ಮಾಡಿದೆವು. ಕೇನ್ ಕ್ಯಾರಿಯರ್ ಡ್ರೈವಿನ (ಕಬ್ಬು ಸಾಗಿಸುವ ಯಂತ್ರದ ವೇಗ ನಿಯಂತ್ರಕದ) ಮೋಟಾರ್ ಕೇಬಲ್ ಅಡ್ಡ ಬಂದಲ್ಲಿ 90 ಡಿಗ್ರಿಯಲ್ಲಿ ದಾಟಿಸಿದೆವು; ಒಂದೇ ಟ್ರೇಯಲ್ಲಿ ಜೊತೆಜೊತೆಗೆ ಓಡಿಸಿದರೆ ಡ್ರೈವ್ ಶುರುವಾದಾಗಲೆಲ್ಲ ಸಿಆರ್‌ಸಿ (ಸಂದೇಶ ಕೆಡದೆ ಬಂದಿದೆಯೇ ಎಂದು ನೋಡುವ ತಾಳೆ ಸಂಖ್ಯೆ) ಎರರ್ ಬೀಳುತ್ತದೆ.

ಸಿಗ್ನಲ್ ತುದಿಯಿಂದ ಪ್ರತಿಫಲಿಸಿ ಮರಳದಂತೆ ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್; ಇದೇ ಟರ್ಮಿನೇಶನ್. ಪವರ್ ತೆಗೆದು ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಹಿಡಿದರೆ 60 ಓಮ್ ಆಸುಪಾಸು ಬರಬೇಕು. 120ರ ಹತ್ತಿರ ಬಂದರೆ ಒಂದು ರೆಸಿಸ್ಟರ್ ಇಲ್ಲ ಅಥವಾ ತಂತಿ ಎಲ್ಲೋ ಬಿಟ್ಟಿದೆ. 40 ಬಂದರೆ ನಡುವಿನ ಯಾವುದೋ ಮೀಟರಿನ ಟರ್ಮಿನೇಶನ್ ಸ್ವಿಚ್ ಆನ್ ಇದೆ. ಲ್ಯಾಪ್‌ಟಾಪ್ ತೆಗೆಯುವ ಮುಂಚೆ ಇಷ್ಟು ನೋಡಿ. ಎ, ಬಿ ಗುರುತು ಎಲ್ಲ ಕಂಪನಿಯವರದ್ದೂ ಒಂದೇ ರೀತಿ ಇರುವುದಿಲ್ಲ. ಒಂದೇ ಮೀಟರ್ ಮೌನವಾಗಿದ್ದರೆ ಅದರ ಎರಡು ತಂತಿ ಅದಲುಬದಲು ಮಾಡಿ ನೋಡಿ.

ಪ್ರತಿ ಮೀಟರಿಗೂ ಬೇರೆ ಬೇರೆ ವಿಳಾಸ, 1ರಿಂದ 247ರೊಳಗೆ. ವೇಗ (ಸೆಕೆಂಡಿಗೆ 9600 ಬಿಟ್) ಮತ್ತು ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್‌ನ ಆಯ್ಕೆ) ಎಲ್ಲದಕ್ಕೂ ಒಂದೇ. ಪಿಎಲ್‌ಸಿ ಕೇಳಿದರಷ್ಟೇ ಮೀಟರ್ ಬಾಯಿ ಬಿಡುತ್ತದೆ. ಮೊದಲ ಮೀಟರಿನ ವೋಲ್ಟೇಜ್ ಕೇಳುವ ಸಂದೇಶ 01 03 00 00 00 02: ವಿಳಾಸ, ಓದುವ ಆಜ್ಞೆ, ಶುರುವಿನ ರಿಜಿಸ್ಟರ್ (ಮೀಟರ್ ಅಳತೆ ಇಡುವ ಎರಡು ಬೈಟಿನ ಖಾನೆ), ಎಷ್ಟು ರಿಜಿಸ್ಟರ್; ಇದರ ಕೊನೆಗೆ ಸಿಆರ್‌ಸಿಯ ಎರಡು ಬೈಟ್ ಸೇರುತ್ತವೆ. 230 ವೋಲ್ಟ್ ಇದ್ದರೆ 01 03 04 43 66 00 00 ಮತ್ತು ಸಿಆರ್‌ಸಿ ಬರುತ್ತದೆ; 04 ಎಂದರೆ ನಾಲ್ಕು ಬೈಟ್ ಮಾಹಿತಿ, 43 66 00 00 ಎಂದರೆ ಫ್ಲೋಟ್ (ದಶಮಾಂಶ ಸಂಖ್ಯೆ) ರೂಪದಲ್ಲಿ 230. ಕೆಲವು ಮೀಟರ್ 00 00 43 66 ಎಂದು ಕಳಿಸುತ್ತವೆ. ಆಗ ಎರರ್ ಏನೂ ಇಲ್ಲ, ಪರದೆಯಲ್ಲಿ ಮಾತ್ರ 0.00! ಪಿಎಲ್‌ಸಿಯಲ್ಲಿ ವರ್ಡ್ ಸ್ವಾಪ್ (ಎರಡು ರಿಜಿಸ್ಟರ್‌ಗಳ ಅದಲುಬದಲು) ಹಾಕಿದರೆ ಸರಿಹೋಗುತ್ತದೆ. ಉತ್ತರದಲ್ಲಿ 83 02 ಕಂಡರೆ ತಂತಿಯ ದೋಷವಲ್ಲ, ಆ ರಿಜಿಸ್ಟರೇ ಇಲ್ಲ. ಕೈಪಿಡಿಯಲ್ಲಿ 40001 ಎಂದು ಬರೆದ ರಿಜಿಸ್ಟರ್ ಸಂದೇಶದಲ್ಲಿ 0 ಎಂದು ಹೋಗಬೇಕು, ಅದನ್ನು ಮೊದಲು ಪರೀಕ್ಷಿಸಿ.

ಟೈಮ್‌ಔಟ್ (ಉತ್ತರಕ್ಕೆ ಕಾಯುವ ಸಮಯ) 1 ಸೆಕೆಂಡ್, ಮರುಪ್ರಯತ್ನ 3 ಎಂದು ಬಿಟ್ಟರೆ, ಸತ್ತ ಒಂದೇ ಮೀಟರ್ ಪ್ರತಿ ಸುತ್ತಿಗೆ 4 ಸೆಕೆಂಡ್ ತಿನ್ನುತ್ತದೆ. ನಾವು ಇಟ್ಟದ್ದು 300 ಮಿಲಿಸೆಕೆಂಡ್, ಮರುಪ್ರಯತ್ನ 1.